ಯಾರೂ ಮತ್ತೆ ತೊಡದ ಹತ್ತನೇ ನಂಬರಿನ ಅಂಗಿ

(ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ಕ್ರೀಡಾಸಕ್ತರು ಹಾಗೂ ದೈಹಿಕ ಶಿಕ್ಷಕರ ಎದುರು ನೀಡಿದ ಉಪನ್ಯಾಸದ ಬರಹರೂಪ)



ದಕ್ಷಿಣ ಅಮೆರಿಕಕ್ಕೂ ನಮ್ಮ ಈ ಗಡಿಸೀಮೆಗೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ, ನಿಪ್ಪಾಣಿಯವರು ತಮ್ಮ ಸುತ್ತಲಿನ ಹೊಲಗಳತ್ತ ಕೈ ತೋರಿಸಿದರೆ ಸಾಕು. ಆ ಊರಿಗೆ ಹೆಸರು ತಂದ ತಂಬಾಕು ಮೂಲತಃ ದಕ್ಷಿಣ ಅಮೆರಿಕದ ಗಿಡ. ರೊಟ್ಟಿಯ ಜೊತೆಗೆ ನಾವು ದಿನಾ ತಿನ್ನುವ ಶೇಂಗಾ ಹಿಂಡಿಯ ಶೇಂಗಾ ಕೂಡ ಅಲ್ಲಿಯದೇ. ಇವೆಲ್ಲ ಪೋರ್ಚುಗೀಸರ ಹಡಗುಗಳನ್ನೇರಿ ಕಡಲು ದಾಟಿದವು, ಗೋವೆಯಂಥ ಬಂದರುಗಳಲ್ಲಿ ಇಳಿದು ಘಟ್ಟ ಹತ್ತಿ ಬಂದವು. ಅಕ್ಬರನ ದೂತ ಅಸದ್ ಬೇಗ್ 1604ರ ಸುಮಾರಿಗೆ ವಿಜಯಾಪುರದ ಆದಿಲಶಾಹಿ ದರಬಾರಿನಿಂದ ಹಿಂತಿರುಗುವಾಗ ತಂಬಾಕನ್ನು ಅಪೂರ್ವ ವಸ್ತುವೆಂದು ಬಾದಶಹನಿಗೆ ಒಯ್ದು ಒಪ್ಪಿಸಿದ. ಅಂದರೆ ಉತ್ತರದ ಮೊಗಲರಿಗೆ ಅದು ಹೊಸತಾಗಿದ್ದಾಗಲೇ ನಮ್ಮ ದಖ್ಖನ್ನಿಗೆ ಅದರ ಪರಿಚಯ ಆಗಿತ್ತು.

ಬೆಳೆಗಳು ಬಂದ ಹಾದಿಯಲ್ಲೇ ಬಹುಕಾಲದ ನಂತರ ಮನುಷ್ಯರೂ ಬಂದರು. ದಕ್ಷಿಣ ಅಮೆರಿಕದ ಫುಟ್‌ಬಾಲ್ ಆಟಗಾರರು ಭಾರತಕ್ಕೆ ಬಂದು, ಇಲ್ಲಿಯ ಕ್ಲಬ್ಬುಗಳಲ್ಲಿ ಸಂಬಳಕ್ಕೆ ಆಡತೊಡಗಿದರು. ಅವರಲ್ಲಿ ಒಬ್ಬನ ಕಥೆ ಇವತ್ತಿನ ವಿಷಯ. ಅವನು ಬ್ರೆಜಿಲ್‌ನಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಹೆಸರು ಮಾಡಿ, ಗೋವೆಯ ಅಂಗಿ ತೊಟ್ಟು, ನಮ್ಮ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ತನ್ನ ಕೊನೆಯ ಗೋಲು ಹೊಡೆದ. ಭಾರತದಲ್ಲಿ ಅವನ ವೃತ್ತಿಜೀವನ ಎರಡು ವರ್ಷವೂ ತುಂಬಲಿಲ್ಲ. ಆದರೆ ಅದು ಮುಗಿದ ರೀತಿಯಿಂದ ಮೈದಾನ ಇರುವ ಪ್ರತಿ ಊರೂ ಕಲಿಯಬೇಕಾದ ಪಾಠವೊಂದಿದೆ.

ಮೊದಲು, ಫುಟ್‌ಬಾಲ್ ನಮಗೆ ಪರಕೀಯ ಆಟ ಎಂಬ ಭಾವನೆಯನ್ನು ಸ್ವಲ್ಪ ಸರಿಪಡಿಸಿಕೊಳ್ಳೋಣ. ಕುಸ್ತಿ, ಕಬಡ್ಡಿ, ಎತ್ತಿನ ಗಾಡಿಯ ಷರ್ಯತ್ತು ಇವು ನಮ್ಮ ಆಟಗಳು, ನಿಜ. ಆದರೆ ನಿಪ್ಪಾಣಿಯಿಂದ ಹೆದ್ದಾರಿ ಹಿಡಿದು ಸುಮಾರು 40 ಕಿಲೋಮೀಟರ್ ಹೋದರೆ ಕೊಲ್ಹಾಪುರ. ರಾಯಬಾಗ 1949ರವರೆಗೆ ಆ ಸಂಸ್ಥಾನದ್ದೇ ಭಾಗವಾಗಿತ್ತು. ಅಲ್ಲಿ ಫುಟ್‌ಬಾಲ್ ತಂಡಗಳ ಹೆಸರು ಕೇಳಿದರೆ ನಮ್ಮವರಿಗೆ ಆಶ್ಚರ್ಯವಾದೀತು: ಪಾಟಾಕಡೀಲ ತಾಲೀಮ ಮಂಡಳ, ದಿಲಬಹಾರ ತಾಲೀಮ ಮಂಡಳ, ಖಂಡೋಬಾ ತಾಲೀಮ ಮಂಡಳ. ತಾಲೀಮು ಎಂದರೆ ಗರಡಿಮನೆ. ಪೈಲ್ವಾನರ ಊರಿನಲ್ಲಿ ಪೇಟೆಪೇಟೆಯ ಗರಡಿಮನೆಯ ಹೆಸರಿನಲ್ಲೇ ಚೆಂಡಾಟದ ತಂಡಗಳು ಬೆಳೆದವು. ವಿಶ್ವಕಪ್ ಬಂತೆಂದರೆ ಆ ಊರು ಎರಡು ಪಾಳಯವಾಗುತ್ತದೆ. ಒಂದು ಗಲ್ಲಿ ಬ್ರೆಜಿಲ್‌ನದು, ಇನ್ನೊಂದು ಅರ್ಜೆಂಟೀನಾದ್ದು. ದಕ್ಷಿಣ ಅಮೆರಿಕದ ಆಟಗಾರರ ಆಳೆತ್ತರದ ಚಿತ್ರಗಳು ಚೌಕಗಳಲ್ಲಿ ನಿಲ್ಲುತ್ತವೆ. 2017ರಲ್ಲಿ ಭಾರತದಲ್ಲಿ ನಡೆದ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ದೇಶಕ್ಕಾಗಿ ಆಡಿದ ಮುಂಪಡೆಯ ಆಟಗಾರ ಅನಿಕೇತ್ ಜಾಧವ್ ಆ ಮಣ್ಣಿನವನೇ. ಬಡಗಲ ಬದಿಗೆ ಕೊಲ್ಹಾಪುರ, ಪಡುವಲ ಬದಿಗೆ ಘಟ್ಟ ಇಳಿದರೆ ಗೋವೆ. ಬೆಳಗಾವಿ ಜಿಲ್ಲೆ ಎರಡು ಫುಟ್‌ಬಾಲ್ ಸೀಮೆಗಳ ನಡುವೆ ಕುಳಿತಿದೆ.

ಇನ್ನು ಕಥೆಯ ನಾಯಕನ ಬಗ್ಗೆ. ಕ್ರಿಶ್ಚಿಯಾನೊ ಸೆಬಾಸ್ಟಿಯಾವೊ ಡಿ ಲಿಮಾ ಜೂನಿಯರ್ ಎಂಬುದು ಅವನ ಪೂರ್ಣ ಹೆಸರು. ಭಾರತದ ಫುಟ್‌ಬಾಲ್ ಪ್ರೇಮಿಗಳಿಗೆ ಅವನು ಬರೀ ಜೂನಿಯರ್. ಹುಟ್ಟಿದ್ದು 1979ರ ಜೂನ್ 5ರಂದು. ಬ್ರೆಜಿಲ್ ಎಂದೊಡನೆ ನಮಗೆ ನೆನಪಾಗುವುದು ಪೆಲೆ. ಆ ಮಹಾನುಭಾವ 1977ರ ಸೆಪ್ಟೆಂಬರ್ 24ರಂದು ಕಲ್ಕತ್ತೆಯ ಈಡನ್ ಗಾರ್ಡನ್ಸ್‌ನಲ್ಲಿ ನ್ಯೂಯಾರ್ಕ್‌ನ ಕಾಸ್ಮಾಸ್ ತಂಡದ ಪರವಾಗಿ ಮೋಹನ್ ಬಾಗಾನ್ ವಿರುದ್ಧ ಆಡಿದ್ದರು. ಪಂದ್ಯ 2–2ರಲ್ಲಿ ಸಮವಾಯಿತು. ಪೆಲೆ ಅತಿಥಿಯಾಗಿ ಬಂದವರು, ಆಡಿ ಹೋದರು. ಜೂನಿಯರ್ ಬಂದದ್ದು ದುಡಿಮೆಗೆ.

ಈ ವ್ಯತ್ಯಾಸವನ್ನು ತಿಳಿಯಬೇಕು. ಬ್ರೆಜಿಲ್‌ನಲ್ಲಿ ಚೆನ್ನಾಗಿ ಚೆಂಡು ಆಡುವ ಹುಡುಗರು ಸಾವಿರಗಟ್ಟಲೆ ಇದ್ದಾರೆ. ಸ್ಪೇನ್, ಇಟಲಿಯ ದೊಡ್ಡ ಕ್ಲಬ್ಬುಗಳು ಕರೆಯುವುದು ಬೆರಳೆಣಿಕೆಯ ಮಂದಿಯನ್ನು. ಉಳಿದವರು ಎಲ್ಲಿ ಒಪ್ಪಂದ ಸಿಕ್ಕರೆ ಅಲ್ಲಿಗೆ ಹೋಗುತ್ತಾರೆ. ನಮ್ಮ ಸಕ್ಕರೆ ಕಾರ್ಖಾನೆಗಳ ಹಂಗಾಮು ಶುರುವಾದಾಗ ದೂರದ ಊರುಗಳಿಂದ ಕಬ್ಬು ಕಡಿಯುವ ಗ್ಯಾಂಗುಗಳು ಬಂದು ಹೊಲದ ಬದಿಗೆ ಗುಡಿಸಲು ಹಾಕುವುದನ್ನು ಇಲ್ಲಿ ಕುಳಿತ ಎಲ್ಲರೂ ಕಂಡಿದ್ದೀರಿ. ಹಂಗಾಮು ಮುಗಿದರೆ ಕೆಲಸವೂ ಮುಗಿಯಿತು. ಪರದೇಶದಲ್ಲಿ ಆಡುವ ಆಟಗಾರನ ಬದುಕಿಗೆ ಹಣ ಹೆಚ್ಚಿದ್ದೀತು, ಚಪ್ಪಾಳೆ ಹೆಚ್ಚಿದ್ದೀತು. ಆದರೆ ಅದರ ಲೆಕ್ಕಾಚಾರವೂ ಹೀಗೆಯೇ. ಒಂದು ಹಂಗಾಮಿನಲ್ಲಿ ಗೋಲು ಹೊಡೆದವನಿಗೆ ಮುಂದಿನ ಹಂಗಾಮು. ಹೊಡೆಯದವನಿಗೆ ವಾಪಸು ಹೋಗುವ ಟಿಕೆಟು.

ಭಾರತಕ್ಕೆ ಹೊರಗಿನ ಆಟಗಾರರು ಬಂದದ್ದು ಆಗ ಹೊಸದೇನೂ ಆಗಿರಲಿಲ್ಲ. 1980ರ ದಶಕದ ಆರಂಭದಲ್ಲಿ ಇರಾನಿನ ಮಜೀದ್ ಬಿಷ್ಕರ್ ಕಲ್ಕತ್ತೆಯನ್ನು ಮರುಳು ಮಾಡಿದ್ದ. ಆ ದಶಕದಲ್ಲಿಯೇ ನೈಜೀರಿಯದ ಚೀಮಾ ಒಕೋರಿ ಬಂದ. 1996ರಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಆರಂಭವಾದ ಮೇಲೆ ಕ್ಲಬ್ಬುಗಳಿಗೆ ಗೋಲು ಹೊಡೆಯುವವರ ಅಗತ್ಯ ಹೆಚ್ಚಾಯಿತು. 1999ರಲ್ಲಿ ಬ್ರೆಜಿಲ್‌ನ ಹೊಸೆ ರಮಿರೆಜ್ ಬರೆಟೊ ಮೋಹನ್ ಬಾಗಾನ್ ಸೇರಿ ಕಲ್ಕತ್ತೆಯ ಮನೆಮಗನಂತಾದ. ಬಾಗಾನ್‌ಗೆ ಒಬ್ಬ ಬ್ರೆಜಿಲ್‌ನವನಿದ್ದರೆ ಈಸ್ಟ್ ಬೆಂಗಾಲ್ ಸುಮ್ಮನಿದ್ದೀತೆ? 2003ರಲ್ಲಿ ಜೂನಿಯರ್ ಆ ಕ್ಲಬ್ಬಿಗೆ ಬಂದ.

ಸುಭಾಷ್ ಭೌಮಿಕ್ ತರಬೇತುದಾರರಾಗಿದ್ದ ಆ ತಂಡದಲ್ಲಿ ಬೈಚುಂಗ್ ಭುಟಿಯಾ ಇದ್ದ. ಅಂಥ ತಾರೆಯ ಪಕ್ಕದಲ್ಲಿ ಹೊಸಬನೊಬ್ಬ ಎದ್ದು ಕಾಣುವುದು ಸುಲಭವಲ್ಲ. ಆದರೆ 2003–04ರ ರಾಷ್ಟ್ರೀಯ ಲೀಗ್ ಮುಗಿದಾಗ ಅತಿ ಹೆಚ್ಚು ಗೋಲು ಹೊಡೆದವರ ಪಟ್ಟಿಯ ತುದಿಯಲ್ಲಿದ್ದದ್ದು ಜೂನಿಯರ್‌ನ ಹೆಸರು, 15 ಗೋಲು. ಈಸ್ಟ್ ಬೆಂಗಾಲ್ ಸತತ ಎರಡನೇ ಬಾರಿಗೆ ಚಾಂಪಿಯನ್ ಆಯಿತು. ಮುಂದಿನ ಹಂಗಾಮಿಗೆ ಗೋವೆಯ ಡೆಂಪೊ ಸ್ಪೋರ್ಟ್ಸ್ ಕ್ಲಬ್ ಅವನನ್ನು ಕರೆಸಿಕೊಂಡಿತು. ಬ್ರೆಜಿಲ್‌ನ ಭಾಷೆ ಪೋರ್ಚುಗೀಸು. ಗೋವೆ 1961ರವರೆಗೆ ಪೋರ್ಚುಗೀಸರ ಕೈಯಲ್ಲಿದ್ದ ನಾಡು. ಅಲ್ಲಿಯ ಹಳೆಯ ಮಂದಿಗೆ ಇಂದಿಗೂ ಆ ಮಾತು ಬರುತ್ತದೆ. ತಂಬಾಕಿನ ಬೀಜ ಬಂದಿಳಿದ ಕರಾವಳಿಗೇ ಬ್ರೆಜಿಲ್‌ನ ಹುಡುಗನೂ ಬಂದು ತಲುಪಿದ.

ಡೆಂಪೊಗೆ ಆಗ ತರಬೇತುದಾರ ಅರ್ಮಾಂಡೊ ಕೊಲಾಸೊ. 2004ರ ಕೊನೆಗೆ ಫೆಡರೇಷನ್ ಕಪ್ ಪಂದ್ಯಾವಳಿ ಬೆಂಗಳೂರಿನಲ್ಲಿ ನಡೆಯಿತು. ಈ ಕಪ್ಪಿಗೂ ಬೆಂಗಳೂರಿಗೂ ಹಳೆಯ ನಂಟು. 1977ರ ಮೊದಲ ಫೆಡರೇಷನ್ ಕಪ್ ಗೆದ್ದದ್ದು ಬೆಂಗಳೂರಿನ ಐ.ಟಿ.ಐ. ತಂಡ, ಅಂದು ಫೈನಲ್‌ನಲ್ಲಿ ಸೋತದ್ದು ಮೋಹನ್ ಬಾಗಾನ್. 27 ವರ್ಷಗಳ ನಂತರ ಅದೇ ಬಾಗಾನ್ ಫೈನಲ್ಲಿಗೆ ಬಂದಿತ್ತು. ಎದುರಿಗೆ ಒಮ್ಮೆಯೂ ಈ ಕಪ್ ಗೆಲ್ಲದ ಡೆಂಪೊ. ದಿನ 2004ರ ಡಿಸೆಂಬರ್ 5, ಭಾನುವಾರ.

ಆ ದಿನ ಜೂನಿಯರ್ ಒಂದು ಗೋಲು ಹೊಡೆದು ಡೆಂಪೊವನ್ನು ಮುಂದಕ್ಕೆ ಒಯ್ದ. 78ನೇ ನಿಮಿಷದಲ್ಲಿ ಅವನಿಗೆ ಮತ್ತೊಂದು ಅವಕಾಶ ಒದಗಿತು. ಚೆಂಡಿನ ಹಿಂದೆ ಅವನು ಓಡಿದ, ಅದನ್ನು ತಡೆಯಲು ಗೋಲ್‌ಕೀಪರ್ ಮುನ್ನುಗ್ಗಿದ. ಜೂನಿಯರ್‌ನ ಕಾಲು ಮೊದಲು ತಾಗಿತು, ಚೆಂಡು ಬಲೆ ಸೇರಿತು. ಮರುಕ್ಷಣ ಇಬ್ಬರೂ ಡಿಕ್ಕಿಯಾದರು. ಜೂನಿಯರ್ ನೆಲಕ್ಕೆ ಬಿದ್ದವನು ಮತ್ತೆ ಏಳಲಿಲ್ಲ. ಜೊತೆಗಾರರು ಅವನ ಉಸಿರು ಮರಳಿಸಲು ಹೆಣಗಿದರು. ಆಸ್ಪತ್ರೆಗೆ ಒಯ್ದಾಗ ಜೀವ ಹೋಗಿದೆ ಎಂದು ವೈದ್ಯರು ಘೋಷಿಸಿದರು. ಪಂದ್ಯ ಡೆಂಪೊ 2, ಮೋಹನ್ ಬಾಗಾನ್ 0. ಎರಡೂ ಗೋಲು ಅವನವೇ. ಡೆಂಪೊ ಮೊದಲ ಬಾರಿಗೆ ಫೆಡರೇಷನ್ ಕಪ್ ಗೆದ್ದ ಸಂಜೆ, ಗೆಲ್ಲಿಸಿದವನೇ ಇರಲಿಲ್ಲ. ಅವನ ವಯಸ್ಸು 25.

ಇಲ್ಲಿ ಮುಂಪಡೆ ಆಟಗಾರನ ಕಸುಬಿನ ಬಗ್ಗೆ ಒಂದು ಮಾತು ಹೇಳಬೇಕು. ತಂಡದ ಹನ್ನೊಂದು ಮಂದಿಯಲ್ಲಿ ಹೆಚ್ಚು ಜನರಿಗೆ ಕಾಯುವ ಕೆಲಸ, ಕಟ್ಟುವ ಕೆಲಸ. ಮುಂಪಡೆಯವನ ಕೆಲಸ ಚೆಂಡು ಮತ್ತು ಗೋಲ್‌ಕೀಪರ್ ಕೂಡುವ ಜಾಗಕ್ಕೆ ಗೋಲ್‌ಕೀಪರ್‌ಗಿಂತ ಅರ್ಧ ಹೆಜ್ಜೆ ಮೊದಲು ತಲುಪುವುದು. ನಮ್ಮ ಕಬಡ್ಡಿಯಲ್ಲಿ ಎದುರಾಳಿಯ ಅಂಗಳಕ್ಕೆ ಒಬ್ಬನೇ ನುಗ್ಗುವ ದಾಳಿಕಾರನಂತೆ ಅವನು. ಹೊಡೆತ ತಪ್ಪಿಸಿಕೊಳ್ಳಬೇಕು ಎಂದು ಕ್ಷಣ ಹಿಂಜರಿದರೆ ಗೋಲಿಲ್ಲ. ಗೋಲ್‌ಕೀಪರ್ ಹಿಂಜರಿದರೆ ಅವನೂ ತನ್ನ ಕೆಲಸಕ್ಕೆ ಯೋಗ್ಯನಲ್ಲ. ಹೀಗಾಗಿ ಈ ಅಪಾಯವನ್ನು ಆಟದಿಂದ ಪೂರ್ತಿ ಬೇರ್ಪಡಿಸಲು ಬರುವುದಿಲ್ಲ.

ಆ ದಿನದ ಗೋಲ್‌ಕೀಪರ್ ಸುಬ್ರತಾ ಪಾಲ್ ಆಗ ಇನ್ನೂ ಹದಿಹರೆಯದ ಹುಡುಗ. ದೇಶದ ಸಿಟ್ಟೆಲ್ಲ ಅವನ ಮೇಲೆ ಹರಿಯಿತು. ಫುಟ್‌ಬಾಲ್ ಫೆಡರೇಷನ್ ಅವನನ್ನು ಎರಡು ತಿಂಗಳು ಅಮಾನತಿನಲ್ಲಿಟ್ಟಿತು. ಆ ಭಾರ ಹೊತ್ತೇ ಅವನು ಮತ್ತೆ ಮೈದಾನಕ್ಕೆ ಇಳಿದ. 2009ರಲ್ಲಿ ಭಾರತ ನೆಹರೂ ಕಪ್ ಗೆದ್ದಾಗ, 2011ರ ಏಷ್ಯಾ ಕಪ್‌ನಲ್ಲಿ ಆಡಿದಾಗ ಗೋಲಿನ ಮುಂದೆ ನಿಂತದ್ದು ಅವನೇ. 2016ರಲ್ಲಿ ಅರ್ಜುನ ಪ್ರಶಸ್ತಿಯೂ ಬಂತು. ಇಂಥ ದುರಂತದಲ್ಲಿ ಒಬ್ಬ ವ್ಯಕ್ತಿಯನ್ನು ಹಿಡಿದು ಬೈದರೆ ಮನಸ್ಸಿಗೆ ಸಮಾಧಾನ ಆಗುತ್ತದೆ. ಆದರೆ ಬೈಗುಳ ಮುಗಿಯುವಷ್ಟರಲ್ಲಿ ಕೇಳಲೇಬೇಕಾದ ಪ್ರಶ್ನೆ ಮರೆತುಹೋಗಿರುತ್ತದೆ.

ಆ ಪ್ರಶ್ನೆ ಇದು: ಬಿದ್ದ ಮೇಲಿನ ಐದು ನಿಮಿಷ ಯಾರ ಜವಾಬ್ದಾರಿ?

ಹೃದಯದ ವಿಷಯ ಸರಳವಾಗಿ ಹೇಳುವುದಾದರೆ ಹೀಗಿದೆ. ಹೃದಯ ಬಡಿಯುವುದು ಒಳಗಿನ ಸಣ್ಣ ವಿದ್ಯುತ್ ಸಂಜ್ಞೆಗಳ ಕ್ರಮದಿಂದ. ಆ ಕ್ರಮ ಒಮ್ಮೆಲೇ ಕೆಟ್ಟರೆ ಹೃದಯದ ಸ್ನಾಯು ಬಡಿಯುವ ಬದಲು ಬರೀ ಅದುರತೊಡಗುತ್ತದೆ. ಮಿದುಳಿಗೆ ರಕ್ತ ನಿಲ್ಲುತ್ತದೆ. ಇದೇ ಹೃದಯಸ್ತಂಭನ. ಹುಟ್ಟಿನಿಂದ ಬಂದ, ಗೊತ್ತೇ ಆಗದ ದೋಷವೊಂದು ದಣಿವಿನಲ್ಲಿ ಹೊರಬಿದ್ದು ಹೀಗಾಗಬಹುದು. ಎದೆಯ ಮೇಲೆ ಸರಿಯಾಗಿ ಒಂದು ಅಪಾಯದ ಕ್ಷಣದಲ್ಲಿ ಬಿದ್ದ ಪೆಟ್ಟಿನಿಂದಲೂ ಆಗಬಹುದು. ಗಟ್ಟಿಮುಟ್ಟಾದ ಹುಡುಗನಿಗೂ ಇದು ಬರಬಹುದು ಎಂಬುದನ್ನು ನೆನಪಿಡಬೇಕು. ಬಿದ್ದವನ ಎದೆಯನ್ನು ಒತ್ತುತ್ತಾ ರಕ್ತ ಹರಿಯುವಂತೆ ಮಾಡಬೇಕು, ಮತ್ತು ಡಿಫಿಬ್ರಿಲೇಟರ್ ಎಂಬ ಯಂತ್ರದಿಂದ ವಿದ್ಯುತ್ತಿನ ಹೊಡೆತ ಕೊಟ್ಟು ಹೃದಯವನ್ನು ಹಳಿಗೆ ತರಬೇಕು. ಹೀಗೆ ಏನೂ ಮಾಡದೆ ಕಳೆದ ಪ್ರತಿ ನಿಮಿಷಕ್ಕೆ ಬದುಕುವ ಸಾಧ್ಯತೆ ನೂರಕ್ಕೆ ಏಳರಿಂದ ಹತ್ತರಷ್ಟು ಇಳಿಯುತ್ತದೆ ಎಂದು ವೈದ್ಯಶಾಸ್ತ್ರ ಹೇಳುತ್ತದೆ.

ಜೂನಿಯರ್ ಬಿದ್ದಾಗ ಮೈದಾನದಲ್ಲಿದ್ದ ವೈದ್ಯಕೀಯ ವ್ಯವಸ್ಥೆ ಸಾಲದು ಎಂಬ ಟೀಕೆ ಆಗ ಜೋರಾಗಿಯೇ ಎದ್ದಿತು. ಎಚ್ಚರಿಕೆಯ ಗಂಟೆ ಮೊದಲೇ ಬಾರಿಸಿತ್ತು. 2003ರ ಜೂನ್‌ನಲ್ಲಿ ಕ್ಯಾಮರೂನ್‌ನ ಮಾರ್ಕ್ ವಿವಿಯನ್ ಫೊಯೆ ಫ್ರಾನ್ಸ್‌ನಲ್ಲಿ ಆಡುತ್ತಲೇ ಕುಸಿದು ಸತ್ತಿದ್ದ. 2004ರ ಜನವರಿಯಲ್ಲಿ ಹಂಗೇರಿಯ ಮಿಕ್ಲೋಶ್ ಫೆಹೆರ್ ಪೋರ್ಚುಗಲ್‌ನಲ್ಲಿ. ಅದೇ ವರ್ಷ ಅಕ್ಟೋಬರ್ 27ರಂದು, ಅಂದರೆ ಬೆಂಗಳೂರಿನ ದುರಂತಕ್ಕೆ ಸರಿಯಾಗಿ 39 ದಿನ ಮೊದಲು, ಜೂನಿಯರ್‌ನ ತಾಯ್ನಾಡಾದ ಬ್ರೆಜಿಲ್‌ನ ಸಾವೊ ಪಾಲೊ ನಗರದಲ್ಲಿ ಸೆರ್ಜಿನೊ ಎಂಬ ಆಟಗಾರ ಪಂದ್ಯದ ನಡುವೆಯೇ ಕುಸಿದಿದ್ದ.

ಏಳು ವರ್ಷಕ್ಕೂ ಹೆಚ್ಚು ಕಾಲ ಕಳೆದು 2012ರ ಮಾರ್ಚ್ ಬಂತು. 17ನೇ ತಾರೀಖು ಲಂಡನ್ನಿನ ಪಂದ್ಯವೊಂದರಲ್ಲಿ ಫಾಬ್ರಿಸ್ ಮುವಾಂಬಾ ಎಂಬ ಯುವಕ ಕುಸಿದ. ಅವನ ಹೃದಯ ಒಂದು ಗಂಟೆಗೂ ಹೆಚ್ಚು ಕಾಲ ತಾನಾಗಿ ಬಡಿಯಲಿಲ್ಲ. ಆದರೆ ಎದೆ ಒತ್ತುವವರಿದ್ದರು, ಯಂತ್ರವಿತ್ತು, ಪ್ರೇಕ್ಷಕರ ನಡುವಿನಿಂದ ಹೃದ್ರೋಗ ತಜ್ಞರೊಬ್ಬರು ಓಡಿಬಂದರು. ಅವನು ಬದುಕಿದ. ಅದಾದ ನಾಲ್ಕೇ ದಿನಕ್ಕೆ ಬೆಂಗಳೂರಿನ ಜಿಲ್ಲಾ ಲೀಗ್ ಪಂದ್ಯವೊಂದರಲ್ಲಿ ಸ್ಥಳೀಯ ಆಟಗಾರನೊಬ್ಬ ಕುಸಿದ. ಮೈದಾನದಲ್ಲಿ ಆಂಬುಲೆನ್ಸ್ ಇರಲಿಲ್ಲ. ಆಟೋರಿಕ್ಷಾದಲ್ಲಿ ಆಸ್ಪತ್ರೆಗೆ ಒಯ್ದರು. ಅವನು ಉಳಿಯಲಿಲ್ಲ. ಜೂನಿಯರ್ ಬಿದ್ದ ನಗರದಲ್ಲಿಯೇ ಇದು ನಡೆಯಿತು. 2021ರಲ್ಲಿ ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕಿನ ಕ್ರಿಶ್ಚಿಯನ್ ಎರಿಕ್ಸನ್ ಹೀಗೆಯೇ ಬಿದ್ದ, ಮೈದಾನದಲ್ಲಿಯೇ ಅವನ ಹೃದಯವನ್ನು ಮರಳಿ ಬಡಿಯುವಂತೆ ಮಾಡಿದರು, ಮರುವರ್ಷ ವಿಶ್ವಕಪ್‌ನಲ್ಲಿ ಅವನು ಆಡಿದ. ಪಕ್ಕದಲ್ಲಿ ಯಾರಿದ್ದರು, ಏನಿತ್ತು ಎಂಬುದರ ಮೇಲೆಯೇ ಬದುಕು, ಸಾವು ಎಷ್ಟು ನಿಂತಿವೆ ನೋಡಿ.

ಈಗ ನಮ್ಮ ಊರುಗಳಿಗೆ ಬರೋಣ. ಜಾತ್ರೆಯ ಕುಸ್ತಿಗೆ ಕಣ ಹದಮಾಡುತ್ತೇವೆ, ಹಲಗಿ ಬಡಿಸುತ್ತೇವೆ, ಕೊನೆಯ ಜೋಡಿಗೆ ಬಹುಮಾನ ಕೂಡಿಸಲು ಹಿರಿಯರು ಮನೆಮನೆಗೆ ಹೋಗುತ್ತಾರೆ. ಕಬಡ್ಡಿ ಪಂದ್ಯಕ್ಕೆ ದೀಪದ ಕಂಬ, ಮೈಕು, ಪೆಂಡಾಲು ಎಲ್ಲವೂ ಇರುತ್ತವೆ. ಸೈನ್ಯದ ಭರ್ತಿಗೆಂದು ನಮ್ಮ ಹುಡುಗರು ನಸುಕಿನಲ್ಲಿ ಎದ್ದು ರಸ್ತೆಯ ಮೇಲೆ ಮೈಲುಗಟ್ಟಲೆ ಓಡುತ್ತಾರೆ. ಇವರಲ್ಲಿ ಒಬ್ಬ ಬಿದ್ದರೆ ಏನು ಮಾಡುತ್ತೇವೆ? ಸುತ್ತ ಜನ ಮುತ್ತುತ್ತಾರೆ, ಒಬ್ಬರು ನೀರು ಚಿಮುಕಿಸುತ್ತಾರೆ, ಇನ್ನೊಬ್ಬರು ಉಳ್ಳಾಗಡ್ಡಿ ಮೂಸಿಸುತ್ತಾರೆ, ಮತ್ತೊಬ್ಬರು ಜೀಪು ಹುಡುಕಲು ಓಡುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಆ ಹೊತ್ತಿಗೆ ಐದು ನಿಮಿಷ ದಾಟಿರುತ್ತದೆ.

2004ಕ್ಕೆ ಹೋಲಿಸಿದರೆ ಇಂದು ಅನುಕೂಲ ಹೆಚ್ಚಿದೆ. ಆಗ ನಮ್ಮ ರಾಜ್ಯದಲ್ಲಿ 108 ಆಂಬುಲೆನ್ಸ್ ಸೇವೆ ಇರಲಿಲ್ಲ. ಅದು ಶುರುವಾದದ್ದು 2008ರ ನವೆಂಬರ್ 1ರಂದು. 2021ರ ಅಕ್ಟೋಬರ್‌ನಲ್ಲಿ ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಹೃದಯದ ಬಗ್ಗೆ ಹಳ್ಳಿಹಳ್ಳಿಯಲ್ಲೂ ಮಾತು ಎದ್ದಿತು. 2023ರಲ್ಲಿ ರಾಜ್ಯ ಸರ್ಕಾರ ಅವರ ಹೆಸರಿನಲ್ಲಿ ಹೃದಯಜ್ಯೋತಿ ಯೋಜನೆ ತಂದಿತು. ತಾಲ್ಲೂಕು ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಕೇಂದ್ರದ ತಜ್ಞರು ನೋಡಿ ಸಲಹೆ ಕೊಡುವುದು, ಜನ ಸೇರುವ ಸ್ಥಳಗಳಲ್ಲಿ ಡಿಫಿಬ್ರಿಲೇಟರ್ ಇಡುವುದು ಅದರ ಉದ್ದೇಶ. ಆದರೂ ಆಂಬುಲೆನ್ಸ್ ಬರುವವರೆಗಿನ ನಿಮಿಷಗಳನ್ನು ಯಾವ ಸರ್ಕಾರವೂ ತುಂಬಿಕೊಡಲಾರದು. ಅದನ್ನು ತುಂಬಬೇಕಾದವರು ಕಣದ ಪಕ್ಕ ನಿಂತವರು.

ಅದಕ್ಕೆ ಡಾಕ್ಟರಿಕೆ ಓದಬೇಕಾಗಿಲ್ಲ. ಬಿದ್ದವನು ಕರೆದರೆ ಓಗೊಡುವುದಿಲ್ಲ, ಸರಿಯಾಗಿ ಉಸಿರಾಡುತ್ತಿಲ್ಲ ಎಂದು ಕಂಡ ಕೂಡಲೇ ಒಬ್ಬರು 108ಕ್ಕೆ ಫೋನು ಮಾಡಬೇಕು. ಇನ್ನೊಬ್ಬರು ಅವನನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಟ್ಟನಡುವೆ ಒಂದು ಅಂಗೈಯ ಮೇಲೆ ಇನ್ನೊಂದನ್ನಿಟ್ಟು, ಮೊಣಕೈ ಮಡಚದೆ, ಐದು ಸೆಂಟಿಮೀಟರಿನಷ್ಟು ಆಳಕ್ಕೆ ಒತ್ತಬೇಕು. ನಿಮಿಷಕ್ಕೆ 100ರಿಂದ 120 ಸಲ, ಅಂದರೆ ಸೆಕೆಂಡಿಗೆ ಹತ್ತಿರಹತ್ತಿರ ಎರಡು. ಹಲಗಿ ಬಡಿಯುವ ಕೈಗೆ ಈ ಲಯ ಹೇಳಿಕೊಡಬೇಕಾಗಿಲ್ಲ. ದಣಿವಾದರೆ ಕೈ ಬದಲಾಯಿಸಬೇಕು, ನಿಲ್ಲಿಸಬಾರದು. ಇದನ್ನು ಮಾತಿನಲ್ಲಿ ಕೇಳಿದರೆ ಸಾಲದು, ಒಮ್ಮೆ ಬೊಂಬೆಯ ಮೇಲೆ ಕೈಯಾರೆ ಮಾಡಿ ಕಲಿಯಬೇಕು. ತಾಲ್ಲೂಕಿನ ದೈಹಿಕ ಶಿಕ್ಷಕರೆಲ್ಲ ಕಲಿತರೆ, ಗರಡಿಮನೆಗೆ ಇಬ್ಬರಂತೆ ಕಲಿತರೆ, ಬಹುಮಾನದ ಹಣ ಕೂಡಿಸುವಾಗಲೇ ಆಂಬುಲೆನ್ಸಿಗೂ ಒಂದು ಪಾಲು ತೆಗೆದಿಟ್ಟರೆ, ಕೆಲಸ ಶುರುವಾದಂತೆ.

ಜೂನಿಯರ್ ತೀರಿಕೊಂಡ ಆ ಹಂಗಾಮಿನಲ್ಲಿಯೇ, 2004–05ರಲ್ಲಿ, ಡೆಂಪೊ ರಾಷ್ಟ್ರೀಯ ಲೀಗನ್ನೂ ಗೆದ್ದಿತು. ಅವನು ತೊಡುತ್ತಿದ್ದ ಹತ್ತನೇ ನಂಬರಿನ ಅಂಗಿಯನ್ನು ಇನ್ನು ಯಾರಿಗೂ ಕೊಡುವುದಿಲ್ಲ ಎಂದು ಆ ಕ್ಲಬ್ಬು ತೀರ್ಮಾನಿಸಿತು. ಪೆಲೆ ತೊಟ್ಟ ನಂಬರು ಅದು. ಚೆಂಡು ಆಡುವ ಹುಡುಗರೆಲ್ಲ ಆಸೆಪಡುವ ಅಂಗಿ. ಅವನು ಬಿದ್ದ ಕಂಠೀರವದಲ್ಲಿಯೇ ಮುಂದೆ ಬೆಂಗಳೂರು ಎಫ್‌ಸಿ ತಂಡಕ್ಕೆ ವೆನೆಜುವೆಲಾದ ಮಿಕು ಎಂಬ ಮುಂಪಡೆ ಆಟಗಾರ ಬಂದ. 2017–18ರ ಇಂಡಿಯನ್ ಸೂಪರ್ ಲೀಗ್‌ನಲ್ಲಿ ಅವನು ಹೊಡೆದ ಗೋಲುಗಳೂ 15. ಈಸ್ಟ್ ಬೆಂಗಾಲ್‌ಗೆ ಜೂನಿಯರ್ ಹೊಡೆದಷ್ಟೇ. ದಕ್ಷಿಣ ಅಮೆರಿಕದಿಂದ ಆಟಗಾರರು ಬರುವುದು ನಿಂತಿಲ್ಲ, ನಿಲ್ಲಬೇಕಾಗಿಯೂ ಇಲ್ಲ.

ಬಂದವನು ಬ್ರೆಜಿಲ್‌ನವನಾಗಲಿ, ಪಕ್ಕದ ಹಳ್ಳಿಯ ಪೈಲ್ವಾನನಾಗಲಿ, ನಮ್ಮ ಕಣಕ್ಕೆ ಇಳಿದ ಮೇಲೆ ಅವನ ಜೀವ ನಮ್ಮ ಹೊಣೆ. ಗೆದ್ದರೆ ಹೆಗಲ ಮೇಲೆ ಹೊತ್ತು ಮೆರೆಸುತ್ತೇವಲ್ಲ, ಬಿದ್ದಾಗ ಎತ್ತುವುದನ್ನೂ ಕಲಿಯಬೇಕು. ಮುಂದಿನ ಜಾತ್ರೆಯ ಕರಪತ್ರದಲ್ಲಿ ಬಹುಮಾನದ ಮೊತ್ತದ ಕೆಳಗೆ ‘ಕಣದ ಬಳಿ ಆಂಬುಲೆನ್ಸ್ ಇರುತ್ತದೆ’ ಎಂಬ ಒಂದು ಸಾಲು ಅಚ್ಚಾಗಲಿ. ಬೆಂಗಳೂರಿನಲ್ಲಿ ಆ ಭಾನುವಾರ ಎರಡು ಗೋಲು ಹೊಡೆದ ಹುಡುಗನಿಗೆ ಈ ಸೀಮೆ ಸಲ್ಲಿಸಬಹುದಾದ ಗೌರವ ಅದು.